ಪಂಪ್‌ಸೆಟ್ಟಿನ ಬಳಿ ಮಲ್ಟಿಮೀಟರಿನ ಸುರಕ್ಷಿತ ಬಳಕೆ



ಮೂರು ಫೇಸಿನ ಪಂಪ್‌ಸೆಟ್ಟಿನ ಸ್ಟಾರ್ಟರಿನಲ್ಲಿ ಎರಡು ಫೇಸುಗಳ ನಡುವೆ ಸುಮಾರು 415 ವೋಲ್ಟ್ ಇರುತ್ತದೆ. ಅದನ್ನು ಅಳೆಯಲು ಮಲ್ಟಿಮೀಟರ್ ಉಪಯುಕ್ತ ಸಾಧನವೇ ಸರಿ. ಆದರೆ ಅದರ ಕೆಂಪು ತಂತಿ 10 ಆಂಪಿಯರಿನ ರಂಧ್ರದಲ್ಲಿಯೇ ಉಳಿದಿದ್ದರೆ, ಮೀಟರು ಬರಿಯ ತಂತಿಯ ತುಂಡಿನಂತಾಗಿ ಎರಡು ಫೇಸುಗಳನ್ನು ಕೂಡಿಸಿಬಿಡುತ್ತದೆ. ಆಗಿನ ಸ್ಫೋಟದಲ್ಲಿ ಕೈ, ಮುಖ ಸುಡುತ್ತವೆ. ಅಗ್ಗದ ಅನೇಕ ಮೀಟರುಗಳಲ್ಲಿ ಆ ರಂಧ್ರಕ್ಕೆ ಫ್ಯೂಸೇ ಇರುವುದಿಲ್ಲ. ಹಾಗೆಂದು ಪಕ್ಕದಲ್ಲಿ ಬರೆದಿರುತ್ತದೆ, ಅದೂ ಇಂಗ್ಲಿಷಿನಲ್ಲಿ! ಫ್ಯೂಸ್ ಇರುವ ಮೀಟರಿಗೆ ಅದರ ಮೇಲೆ ನಮೂದಿಸಿದ ಅಳತೆಯದನ್ನೇ ಹಾಕಬೇಕು. ತಾಮ್ರದ ಎಳೆ ಸುತ್ತುವುದು ಸಲ್ಲದು.

ಇನ್ನು ಸೊನ್ನೆಯ ವಿಚಾರ. ಮೀಟರು ಸೊನ್ನೆ ತೋರಿಸಿತೆಂದು ಕೈಯಿಡಬಾರದು. ಮೀಟರಿನ ತಂತಿ ಒಳಗೇ ತುಂಡಾಗಿದ್ದರೂ ಸೊನ್ನೆ, ಗುಂಡಿ ಡಿ.ಸಿ. ಕಡೆಗಿದ್ದರೂ ಸೊನ್ನೆ. ಆದ್ದರಿಂದ ಮೊದಲು ಮೇನ್ ಸ್ವಿಚ್ಚಿಗೆ ವಿದ್ಯುತ್ ಬರುವ ಕಡೆ ಅಳೆದು ಮೀಟರು ಸರಿಯಿದೆಯೆಂದು ತಿಳಿಯಬೇಕು. ನಂತರ ಸ್ವಿಚ್ ಇಳಿಸಿ, ಮೂರೂ ಫ್ಯೂಸುಗಳನ್ನು ಕಿತ್ತು, ಸ್ಟಾರ್ಟರಿನಲ್ಲಿ ಪ್ರತಿಯೊಂದು ಫೇಸನ್ನೂ ನೋಡಬೇಕು. ಕೊನೆಗೆ ಮತ್ತೊಮ್ಮೆ ಮೊದಲಿನ ಜಾಗದಲ್ಲಿ ಅಳೆಯಬೇಕು. ಈ ಮೂರನೆಯ ಅಳತೆಯನ್ನು ಬಿಡುವವರೇ ಹೆಚ್ಚು; ನಡುವೆ ಮೀಟರು ಕೆಟ್ಟಿದ್ದರೆ ತಿಳಿಯುವುದು ಅದರಿಂದಲೇ.

ಸೆಲ್ ಬದಲಿಸಲು ಹಿಂದಿನ ಮುಚ್ಚಳ ಬಿಚ್ಚುವ ಮುನ್ನ ಎರಡೂ ತಂತಿಗಳನ್ನು ಮೀಟರಿನಿಂದ ತೆಗೆದಿಡಬೇಕು.