ಕೀಲಿ ಕಡತದಲ್ಲಿ ಕಂಡ ಹೆಸರು
(ಕುಬಿಹಾಳದಲ್ಲಿ ನೀಡಿದ ದತ್ತಿ ಉಪನ್ಯಾಸ)



ಲೆಕ್ಕಪತ್ರದಲ್ಲೇ ಬಾಳು ಸವೆಸಿದ ಹಿರಿಯರ ಹೆಸರಿನ ದತ್ತಿಯಿದು. 1905ರಲ್ಲಿ ಸಿದ್ದನಗೌಡ ಪಾಟೀಲರು ಕಣಗಿನಹಾಳದಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದು ಆಗಿನ ನಮ್ಮ ಧಾರವಾಡ ಜಿಲ್ಲೆಯಲ್ಲೇ. ಅಂಥ ಸಂಘಗಳ ಕಿರ್ದಿ, ಖತಾವಣಿಗಳ ಕಾಲದಲ್ಲಿ ಪುಸ್ತಕ ಒಬ್ಬರ ಕೈಯಲ್ಲಿದ್ದರೆ ಉಳಿದವರು ಕಾಯುತ್ತಿದ್ದರು. ಯಾರ ಕೈಯಲ್ಲಿದೆ ಎಂಬುದು ಎಲ್ಲರಿಗೂ ಕಾಣುತ್ತಿತ್ತು. ಕಂಪ್ಯೂಟರಿನಲ್ಲಿ ಆ ಕೈ ಕಾಣುವುದಿಲ್ಲ. ಅದನ್ನು ಸರಿಯಾದ ಕಡೆ ಹುಡುಕಬೇಕೆಂಬುದೇ ಇಂದಿನ ನನ್ನ ಮಾತು.

ಕಂಪ್ಯೂಟರ್ ಕಡತದ ಕೀಲಿಯ ಮೂಲ ಪಾಠ ಯಾವ ಕೈಪಿಡಿಯಲ್ಲೂ ಸಿಗುತ್ತದೆ; ಬೇಗ ಮುಗಿಸುತ್ತೇನೆ. ಹಂಚಿಕೊಂಡ ಫೋಲ್ಡರಿನಲ್ಲಿರುವ ಮೈಕ್ರೋಸಾಫ್ಟ್ ಆಕ್ಸೆಸ್ ದತ್ತಾಂಶ ಕಡತವನ್ನು ಯಾರಾದರೂ ತೆರೆದೊಡನೆ ಪಕ್ಕದಲ್ಲೇ ಒಂದು ಕೀಲಿ ಕಡತ ಹುಟ್ಟುತ್ತದೆ. ಕೊನೆಯವರು ಮುಚ್ಚಿ ಹೊರಟಾಗ ಅಳಿಯುತ್ತದೆ. ಒಂದು ಕಡತಕ್ಕೆ ಒಮ್ಮೆಗೆ ಹೆಚ್ಚೆಂದರೆ 255 ಬಳಕೆದಾರರು.

ಇನ್ನು, ಕಡತಕ್ಕೆ ಕೀಲಿ ಬಿದ್ದಾಗ ಏನು ಮಾಡಬೇಕೆಂಬ ವಿವಾದಕ್ಕೆ ಬರುತ್ತೇನೆ; ಇದರಲ್ಲಿ ಮೂರು ಪಂಗಡಗಳಿವೆ. ಒಂದು ಸಂಘದಲ್ಲಿ ಮಾರ್ಚ್ ಅಖೇರಿಯ ಸಂಜೆ ಕಡತವನ್ನು ಕುಗ್ಗಿಸಿ ದುರಸ್ತಿ ಮಾಡಬೇಕಿತ್ತು. ಅದಕ್ಕೆ ಕಡತ ಒಬ್ಬರ ಕೈಯಲ್ಲೇ ಇರಬೇಕು. ಬೇರೆ ಯಾರೋ ತೆರೆದಿದ್ದಾರೆ ಎಂದು ಯಂತ್ರ ತಡೆಯಿತು. ಮೇಲಿನವರು ಕೀಲಿ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದರು. ಮೊದಲಿಗೇ ಸಾಲದ ಕೌಂಟರಿನ ಯಂತ್ರದ ಹೆಸರು ಕಂಡಿತು. ಅಲ್ಲಿನ ಗುಮಾಸ್ತನಿಗೆ ಎಲ್ಲರೆದುರು ಬೈಗುಳ ಬಿತ್ತು. ಆದರೆ ಆತ ಮಧ್ಯಾಹ್ನವೇ ಮುಚ್ಚಿ ಹೋಗಿದ್ದ. ನಾನು ಸರ್ವರಿನಲ್ಲಿ ತೆರೆದ ಕಡತಗಳ ಪಟ್ಟಿ ನೋಡಿದೆ: ಹಿಡಿದು ಕುಳಿತಿದ್ದದ್ದು ಗೊಬ್ಬರದ ಕೌಂಟರಿನ ಯಂತ್ರ!

ಹೆಸರಿದ್ದರೆ ಆಳೂ ಇದ್ದಾನೆ ಎನ್ನುವ ಮೊದಲ ಪಂಗಡದ ವಾದ ಇಲ್ಲಿಯೇ ಬಿದ್ದುಹೋಗುತ್ತದೆ. ಕೀಲಿ ಕಡತದಲ್ಲಿ ಒಬ್ಬೊಬ್ಬರಿಗೆ 64 ಬೈಟು ಜಾಗ. ಮೊದಲ 32ರಲ್ಲಿ ಯಂತ್ರದ ಹೆಸರು, ಉಳಿದ 32ರಲ್ಲಿ ಬಳಕೆದಾರರ ಹೆಸರು. ಪ್ರತ್ಯೇಕ ಭದ್ರತೆ ಹೂಡದ ಕಚೇರಿಯಲ್ಲಿ ಆ ಎರಡನೆಯ ಜಾಗದಲ್ಲಿ ಎಲ್ಲರೂ ‘ಅಡ್ಮಿನ್’. ಅಂದರೆ ಮನುಷ್ಯನ ಗುರುತೇ ಅಲ್ಲಿಲ್ಲ. ಇನ್ನೂ ಮುಖ್ಯವಾದ ಮಾತು: ಬಳಕೆದಾರ ಹೊರಟುಹೋದರೂ ಅವನ ಸಾಲು ಅಳಿಯುವುದಿಲ್ಲ, ಹೊಸಬರು ಬಂದು ಅದರ ಮೇಲೆ ಬರೆಯುವವರೆಗೆ ಉಳಿಯುತ್ತದೆ. ಅದು ಹಾಜರಿ ಪುಸ್ತಕವಲ್ಲ. ಅದನ್ನು ನೋಡಿ ನೋಟಿಸು ಕೊಡುವುದು ಅನ್ಯಾಯ.

‘ಕೀಲಿ ಕಡತ ಅಳಿಸಿಬಿಡಿ’ ಎಂಬುದು ಎರಡನೆಯ ಪಂಗಡದ ಮದ್ದು. ಯಾರಾದರೂ ಒಳಗಿದ್ದರೆ ವಿಂಡೋಸ್ ಅಳಿಸಗೊಡದು. ಅಳಿಸಗೊಟ್ಟಿತೆಂದರೆ ಒಳಗೆ ಯಾರೂ ಇರಲೇ ಇಲ್ಲ. ಎರಡೂ ದಾರಿಯಲ್ಲಿ ರೋಗ ವಾಸಿಯಾಗುವುದಿಲ್ಲ. ಎಲ್ಲರೂ ಹೊರಟ ಮೇಲೂ ದಿನವೂ ಆ ಕೀಲಿ ಕಡತ ಉಳಿಯುತ್ತಿದ್ದರೆ ಫೋಲ್ಡರಿನ ಅನುಮತಿ ನೋಡಿ. ಬಳಸುವ ಪ್ರತಿಯೊಬ್ಬರಿಗೂ ಅಲ್ಲಿ ಕಡತ ಹುಟ್ಟಿಸುವ, ತಿದ್ದುವ, ಅಳಿಸುವ ಮೂರೂ ಹಕ್ಕು ಬೇಕು. ಹುಟ್ಟಿಸುವ ಹಕ್ಕಿಲ್ಲದವರು ಮೊದಲು ತೆರೆದರೆ ಕೀಲಿ ಕಡತವೇ ಮೂಡದೆ ಉಳಿದವರು ಹೊರಗೆ ನಿಲ್ಲಬೇಕಾದೀತು.

‘ದೊಡ್ಡ ಸರ್ವರಿಗೆ ಹೋದರೆ ಈ ಜಂಜಾಟವೇ ಇಲ್ಲ’ ಎನ್ನುವವರು ಮೂರನೆಯವರು. ಆ ದಾರಿಯಲ್ಲೇ 2022ರಲ್ಲಿ ಕೇಂದ್ರ ಸರ್ಕಾರ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಒಪ್ಪಿಗೆ ಕೊಟ್ಟಿತು. ಅದನ್ನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಕೀಲಿ ಅಲ್ಲಿಯೂ ಉಂಟು. ವ್ಯವಹಾರವನ್ನು ಅರ್ಧಕ್ಕೆ ಬಿಟ್ಟು ಊಟಕ್ಕೆ ಎದ್ದುಹೋದರೆ ಅಲ್ಲಿಯೂ ಹಿಂದಿನವರು ಕಾಯಬೇಕು. ಹಳೆಯ ಕಡತದಲ್ಲೇ ಬದುಕುವ ಸಣ್ಣ ಕಚೇರಿಗಳಿಗೆ ಇಂದೇ ಪರಿಹಾರ ಬೇಕು: ದತ್ತಾಂಶ ಮಾತ್ರ ಹಂಚಿಕೆಯಲ್ಲಿರಲಿ, ಫಾರ್ಮು-ವರದಿಗಳ ಪ್ರತಿ ಅವರವರ ಯಂತ್ರದಲ್ಲಿರಲಿ. ಪುಟದ ಕೀಲಿ ಬಿಟ್ಟು ದಾಖಲೆಯ ಕೀಲಿ ಆರಿಸಿ. ಪುಟವೆಂದರೆ 4,096 ಬೈಟು. ಅದಕ್ಕೆ ಕೀಲಿ ಬಿದ್ದರೆ ಒಬ್ಬ ರೈತನ ಸಾಲ ತಿದ್ದುವಾಗ ಅದೇ ಪುಟದಲ್ಲಿರುವ ಇನ್ನೊಬ್ಬನ ಖಾತೆಯೂ ನಿಲ್ಲುತ್ತದೆ.

ದತ್ತಿಯ ಹಿರಿಯರ ಕಾಲದಲ್ಲಿ ಅಖೇರಿ ಶಿಲ್ಕು ತಾಳೆಯಾಗದಿದ್ದರೆ ಮೊದಲು ಚೀಟಿಗಳನ್ನು ತಿರುವಿ ನೋಡುತ್ತಿದ್ದರು, ಆಮೇಲೆ ಮನುಷ್ಯನನ್ನು ಕೇಳುತ್ತಿದ್ದರು. ನಮಗೂ ಅದೇ ಕ್ರಮವಿರಲಿ. ಮುಂದಿನ ಅಖೇರಿಯಲ್ಲಿ ಕಡತಕ್ಕೆ ಕೀಲಿ ಬಿದ್ದರೆ ಗುಮಾಸ್ತನನ್ನು ಕರೆಸುವ ಮುನ್ನ ಸರ್ವರಿನ ಪಟ್ಟಿ ತೆರೆಯಿರಿ.