ಗೋದಾವರಿ ಸೀಮೆಯಲ್ಲಿ ತಿರುಗಾಟ, ಊಟ

(ಸಂಘದ ಉಚಿತ ವಾಚನಾಲಯದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ವಾಚನಾಲಯದ ಸಂಜೆಯ ಪಾಳಿ ನೋಡಿಕೊಳ್ಳುವ ನನಗೆ ಮೇಜು ಒರೆಸುವುದು, ಪತ್ರಿಕೆ ಜೋಡಿಸುವುದು, ಪುಸ್ತಕದ ವಹಿ ಬರೆಯುವುದು ಗೊತ್ತು. ಭಾಷಣ ಮಾಡುವುದು ಗೊತ್ತಿಲ್ಲ. ಆದರೂ ಕಾರ್ಯದರ್ಶಿಗಳು ಬಿಡಲಿಲ್ಲ. "ನೀವು ರಜೆ ಬಂತೆಂದರೆ ಎಲ್ಲಿಗೋ ಹೋಗಿ ಏನನ್ನೋ ತಿಂದು ಬರುತ್ತೀರಿ, ಅದನ್ನೇ ಹೇಳಿ" ಎಂದರು. ಅಷ್ಟನ್ನು ಹೇಳಬಲ್ಲೆ.

ನಮ್ಮ ಕಪಾಟಿನಲ್ಲಿ ಎಲ್ಲಕ್ಕಿಂತ ಹೆಚ್ಚು ಹರಿದಿರುವುದು ಪ್ರವಾಸದ ಪುಸ್ತಕಗಳು. ಜಪಾನಿನಲ್ಲಿ ಹಸಿ ಮೀನು ತಿಂದವರ ಕಥೆ, ಫಿಲಿಪೈನ್ಸಿನ ದ್ವೀಪಗಳಲ್ಲಿ ದೋಣಿಯಿಂದ ದೋಣಿಗೆ ಹಾರಿ ತೆಂಗಿನ ಹಾಲಿನ ಅಡುಗೆ ಉಂಡವರ ಕಥೆ, ಇವನ್ನು ನಮ್ಮವರು ಬೆಂಚಿನ ಮೇಲೆ ಕೂತು ಬಾಯಲ್ಲಿ ನೀರೂರಿಸಿಕೊಂಡು ಓದುತ್ತಾರೆ. ಓದಲಿ, ಅದಕ್ಕೇ ವಾಚನಾಲಯ ಇರುವುದು. ಆದರೆ ಇದೇ ಓದುಗರನ್ನು "ತ್ರ್ಯಂಬಕ ನೋಡಿದಿರಾ?" ಎಂದರೆ "ಇಲ್ಲ, ಆಗಲಿಲ್ಲ" ಎನ್ನುತ್ತಾರೆ. ನಾಶಿಕಕ್ಕೆ ಬಂದು ಐದು ವರ್ಷ ಆಗಿರುತ್ತದೆ! ಕೋಣೆ, ಕಾರ್ಖಾನೆ, ಮೆಸ್ಸು. ಮತ್ತೆ ಮೆಸ್ಸು, ಕಾರ್ಖಾನೆ, ಕೋಣೆ. ದುಡ್ಡು ಊರಿಗೆ ಕಳಿಸಬೇಕು ಎಂಬುದು ನಿಜ. ನಾನೂ ಕಳಿಸುವವನೇ. ಆದರೆ ಕಾಲ್ನಡಿಗೆಗೆ, ಎಸ್.ಟಿ. ಬಸ್ಸಿಗೆ, ಎರಡು ರೊಟ್ಟಿಗೆ ಆಗುವ ಖರ್ಚು ಒಂದು ಸಿನಿಮಾದ ಖರ್ಚಿಗಿಂತ ಬಹಳ ಹೆಚ್ಚೇನಿಲ್ಲ.

ನಾನು ಮೊದಲು ನಾಲ್ಕು ವರ್ಷ ಈಗ ಛತ್ರಪತಿ ಸಂಭಾಜಿನಗರ ಎನ್ನುವ ಔರಂಗಾಬಾದಿನಲ್ಲಿ ಇದ್ದೆ. ಆಮೇಲೆ ಇಲ್ಲಿಯ ಗಿರಣಿಯ ಕಚೇರಿಗೆ ಬಂದೆ. ಹೀಗಾಗಿ ಎರಡು ಊರಿನ ಅನ್ನದ ಋಣವೂ ನನ್ನ ಮೇಲೆ ಇದೆ.

ನಾಶಿಕದವರ ಬೆಳಗು ಮಿಸಳದಿಂದ ಆಗುತ್ತದೆ. ರಜೆಯ ದಿನ ಗಂಗಾಪುರ ರಸ್ತೆಯ ಕಡೆ ಹೋದರೆ ಸಂಸಾರಸಮೇತ ಜನ ಮರದ ಕೆಳಗೆ ಸರದಿ ಕಾಯುತ್ತಿರುವುದು ಕಾಣುತ್ತದೆ. ತಟ್ಟೆಯಲ್ಲಿ ಮೊಳಕೆ ಕಾಳು, ಮೇಲೆ ಸೇವು, ಹೆಚ್ಚಿದ ಉಳ್ಳಾಗಡ್ಡಿ, ಪಕ್ಕದಲ್ಲಿ ಪಾವು, ಮೊಸರು, ಹಪ್ಪಳ, ಬೇರೆ ಬಟ್ಟಲಲ್ಲಿ ರಸ್ಸಾ. ನಾನು ಮೊದಲ ಸಲ ಹೋದಾಗ ಮಾಣಿ ಬಂದು "ಕಾಳಾ ರಸ್ಸಾ?" ಎಂದು ಕೇಳಿದ. ಕಾಳಿನ ರಸ ಇರಬೇಕು, ಮೈಗೆ ಒಳ್ಳೆಯದು ಎಂದು ತಲೆಯಾಡಿಸಿದೆ. ಬಂದದ್ದು ಇದ್ದಿಲಿನ ಬಣ್ಣದ ಸಾರು! ಮರಾಠಿಯಲ್ಲಿ ಕಾಳಾ ಎಂದರೆ ಕಪ್ಪು. ಒಣಕೊಬ್ಬರಿ, ಉಳ್ಳಾಗಡ್ಡಿ, ಮಸಾಲೆ ಎಲ್ಲವನ್ನೂ ಚೆನ್ನಾಗಿ ಹುರಿದು ಅರೆದರೆ ಆ ಬಣ್ಣ ಬರುತ್ತದೆ. ಎರಡು ತುತ್ತಿಗೆ ಕಣ್ಣು, ಮೂಗು ಎರಡರಲ್ಲೂ ನೀರು. ಮೂರನೆಯ ತುತ್ತಿಗೆ ನಾಲಿಗೆಗೆ ಗುರುತು ಸಿಕ್ಕಿತು: ಆ ಕಾಳು ನಮ್ಮ ಮಡಕಿ ಕಾಳು. ಅವರು ಮಟಕಿ ಎನ್ನುತ್ತಾರೆ, ಅಷ್ಟೇ ವ್ಯತ್ಯಾಸ. ನಮ್ಮ ಅವ್ವ ಅದನ್ನೇ ಮೊಳಕೆ ಬರಿಸಿ ಪಲ್ಯ ಮಾಡಿ ರೊಟ್ಟಿಗೆ ಕೊಡುತ್ತಿದ್ದಳು.

ಅಂದಿನಿಂದ ಹೀಗೆ ಹೆಸರು ಹುಡುಕುವ ಚಟ ಹತ್ತಿತು. ಪುಂಡಿಪಲ್ಯಕ್ಕೆ ಇಲ್ಲಿ ಅಂಬಾಡಿ. ಅಂಬಲಿಗೆ ಅಂಬೀಲ. ಜುಣಕ ಇಲ್ಲಿ ಝುಣಕಾ. ಶೇಂಗಾ ಇಲ್ಲಿ ಶೇಂಗದಾಣೆ. ತುಪ್ಪಕ್ಕೆ ತೂಪ ಎನ್ನುತ್ತಾರೆ. ಹೋಳಿಗೆಯ ಬೇಳೆ ಬಸಿದ ಕಟ್ಟಿನಿಂದ ನಾವು ಕಟ್ಟಿನ ಸಾರು ಮಾಡಿದರೆ ಇವರು ಕಟಾಚಿ ಆಮಟಿ ಮಾಡುತ್ತಾರೆ. ಮಾಲೇಗಾಂವದಿಂದ ಆಚೆ ಖಾನದೇಶದ ಕಡೆ ಹೋಳಿಗೆಯನ್ನು ಹಂಚಿನ ಮೇಲೆ ಬೇಯಿಸುವುದಿಲ್ಲ. ಬೋರಲು ಹಾಕಿದ ಮಣ್ಣಿನ ಗಡಿಗೆಯ ಬೆನ್ನ ಮೇಲೆ ಬೇಯಿಸುತ್ತಾರೆ. ಹೆಂಗಸರು ಹೂರಣದ ಕಣಕವನ್ನು ಎರಡು ಕೈಯಲ್ಲಿ ಆಡಿಸಿ ಆಡಿಸಿ ಮೊಳದುದ್ದ ಅಗಲಿಸುವುದನ್ನು ನೋಡಿಯೇ ಹೊಟ್ಟೆ ತುಂಬುತ್ತದೆ. ಅದಕ್ಕೆ ಮಾಂಡೆ ಎಂದು ಹೆಸರು. ಬೆಳಗಾವಿಯ ಕಡೆಯವರು ಇಲ್ಲಿ ಕೂತಿದ್ದೀರಿ. ನಿಮ್ಮ ಮದುವೆಗಳ ಮಂಡಿಗೆ ನೆನಪಾಯಿತೇ? ನಿಮ್ಮದು ಸಕ್ಕರೆಯ ಗರಿಗರಿ, ಇದು ಹೂರಣದ ಮೆತ್ತನೆಯದು. ಆದರೂ ಒಂದೇ ಬಳ್ಳಿಯವು ಎಂದೇ ನನಗೆ ತೋರುತ್ತದೆ.

ತ್ರ್ಯಂಬಕ ನಮಗೆ 30 ಕಿಲೋಮೀಟರಿನೊಳಗೇ ಇದೆ. ದೇವರ ದರ್ಶನಕ್ಕೆ ಬಹಳ ಜನ ಹೋಗುತ್ತಾರೆ. ನಾನು ಹೇಳುವುದು ಬ್ರಹ್ಮಗಿರಿಯ ಮೆಟ್ಟಿಲು ಹತ್ತುವುದನ್ನು, ಗೋದಾವರಿ ಹುಟ್ಟುವ ಜಾಗವನ್ನು. ಮಳೆಗಾಲ ಮುಗಿದೊಡನೆ ಹೋಗಬೇಕು. ಅಲ್ಲಿ ಬೆರಳಿನಷ್ಟು ದಪ್ಪ ಇರುವ ನೀರು ನಮ್ಮ ರಾಮಕುಂಡಕ್ಕೆ ಬಂದು, ಪೈಠಣಕ್ಕೆ ಹೋಗಿ, ಆಂಧ್ರದ ಸಮುದ್ರ ಸೇರುತ್ತದೆ. 9ನೆಯ ಶತಮಾನದ ಕವಿರಾಜಮಾರ್ಗದಲ್ಲಿ ಕನ್ನಡ ನಾಡಿನ ಬಡಗಣ ಗಡಿಯೆಂದು ಹೇಳಿರುವುದು ಈ ಹೊಳೆಯನ್ನೇ. ಇದನ್ನು ನಾನು ಜಗಳಕ್ಕಾಗಿ ಹೇಳುತ್ತಿಲ್ಲ. ಗಡಿಯ ಜಗಳ ಮಾಡುವವರು ಎರಡೂ ಕಡೆ ಸಾಕಷ್ಟು ಇದ್ದಾರೆ, ಅವರಿಗೆ ನಮ್ಮ ಸಹಾಯ ಬೇಕಿಲ್ಲ. ಈ ಹೊಳೆಯ ದಂಡೆಯಲ್ಲಿ ನಮ್ಮ ಮಾತು ಮೊನ್ನೆ ಮೊನ್ನೆ ರೈಲು ಇಳಿದು ಬಂದದ್ದಲ್ಲ ಎಂದು ತಿಳಿದರೆ ಹೋಟೆಲಿನಲ್ಲಿ ಬಾಯಿಬಿಟ್ಟು ಊಟ ಕೇಳುವಾಗ ಅಳುಕು ಕಡಿಮೆಯಾದೀತು ಎಂದು ಹೇಳಿದೆ. ತ್ರ್ಯಂಬಕದಲ್ಲಿ ನಿವೃತ್ತಿನಾಥರ ಸಮಾಧಿ ಇದೆ. ಅಲ್ಲಿಂದ ಆಷಾಢದ ಏಕಾದಶಿಗೆ ಪಂಢರಾಪುರಕ್ಕೆ ಪಾಲಖಿ ನಡೆದು ಹೋಗುತ್ತದೆ. ವಿಜಯಪುರದ ಕಡೆಯಿಂದ ನಮ್ಮವರೂ ಅದೇ ವಿಠ್ಠಲನಿಗೆ ನಡೆದು ಬರುತ್ತಾರೆ, ಬುತ್ತಿಯಲ್ಲಿ ಅದೇ ರೊಟ್ಟಿ, ಅದೇ ಖಾರ.

ನಾಶಿಕದಿಂದ ಸಂಭಾಜಿನಗರಕ್ಕೆ ಬಸ್ಸಾದರೆ ಯೇವಲೆಯ ಮೇಲೆ, ರೈಲಾದರೆ ಮನಮಾಡದ ಮೇಲೆ ಹೋಗಬೇಕು. ಮನಮಾಡದಲ್ಲಿ ಒಂದು ಸಾರಿ ರೈಲು ನಾಲ್ಕು ತಾಸು ತಡವಾಯಿತು. ರಾತ್ರಿ, ಚಳಿ. ಬಳಿ ಇದ್ದ ಅವಲಕ್ಕಿ ಮುಗಿದಿತ್ತು. ಹಮಾಲನೊಬ್ಬ "ಗುರುದ್ವಾರಕ್ಕೆ ಹೋಗಿ" ಎಂದ. ನಾಂದೇಡದ ಯಾತ್ರೆಗೆ ಹೋಗುವ ಸಿಖ್ಖರು ತಂಗುವ ಗುಪ್ತಸರ ಗುರುದ್ವಾರ ಅದು. ತಲೆಗೆ ಕರವಸ್ತ್ರ ಕಟ್ಟಿಕೊಂಡು ನೆಲದ ಮೇಲೆ ಸಾಲಿನಲ್ಲಿ ಕೂತೆ. ಗೋಧಿ ರೊಟ್ಟಿ, ಬೇಳೆ, ಪಲ್ಯ. ರೊಟ್ಟಿಯನ್ನು ಎರಡು ಕೈ ಚಾಚಿ ಇಸಿದುಕೊಳ್ಳಬೇಕು, ಅಲ್ಲಿಯ ಕ್ರಮ ಅದು. ಯಾವ ಊರು, ಯಾವ ಜಾತಿ, ಎಷ್ಟು ದುಡ್ಡು ಎಂದು ಯಾರೂ ಕೇಳಲಿಲ್ಲ. ಉಂಡಾದ ಮೇಲೆ ತಟ್ಟೆ ತೊಳೆಯುವಲ್ಲಿ ಅರ್ಧ ತಾಸು ಕೈ ಜೋಡಿಸಿದೆ. ಬಿಸಿನೀರು, ಚಳಿಗೆ ಹಿತವಾಗಿತ್ತು.

ಇನ್ನು ವೇರೂಳದ ಮಾತು. ಪುಸ್ತಕಗಳಲ್ಲಿ ಎಲ್ಲೋರಾ ಎಂದು ಇರುವುದೇ ಇದು. ನಾವಿದ್ದ ವಠಾರದಲ್ಲಿ ಸೇಡಂ ಕಡೆಯ ಒಬ್ಬ ಹುಡುಗ ಇದ್ದ, ಹತ್ತೊಂಬತ್ತರ ವಯಸ್ಸು, ಒಂದು ಶೆಡ್ಡಿನಲ್ಲಿ ಹೆಲ್ಪರ್. ಬಂದು ಮೂರು ತಿಂಗಳಾದರೂ ಪಾವು ಚಹಾ ಬಿಟ್ಟು ಬೇರೇನೂ ತಿನ್ನುತ್ತಿರಲಿಲ್ಲ. ಖಾನಾವಳಿಗೆ ಹೋದರೆ ಮರಾಠಿಯಲ್ಲಿ ಕೇಳಬೇಕು, ತಪ್ಪಿದರೆ ನಗುತ್ತಾರೆ ಎಂಬ ಭಯ. ಮೊದಲ ವಾರ ಯಾರೋ ನಕ್ಕಿದ್ದರಂತೆ. ಕಣ್ಣು ಒಳಗೆ ಹೋಗಿತ್ತು, ಪಾಳಿಯಲ್ಲಿ ಎರಡು ಸಲ ತಲೆ ಸುತ್ತಿ ಕೂತಿದ್ದ. ಯಂತ್ರದ ಬಳಿ ತಲೆ ಸುತ್ತುವುದೆಂದರೆ ಏನೆಂದು ನಿಮಗೆ ನಾನು ಹೇಳಬೇಕಿಲ್ಲ. ಗಂಟು ಕಟ್ಟಿ ಊರಿಗೆ ಹೋಗುವುದಾಗಿ ನಿಶ್ಚಯಿಸಿದ್ದ. ಊರಲ್ಲಿ ತಂಗಿಯ ಮದುವೆಯ ಸಾಲ ಕಾಯುತ್ತಿತ್ತು. "ಹೋಗುವೆಯಂತೆ, ಒಂದು ದಿನ ನನ್ನ ಸಂಗಡ ಬಂದು ಹೋಗು" ಎಂದು ಬಸ್ಸು ಹತ್ತಿಸಿದೆ.

ಸಂಭಾಜಿನಗರದಿಂದ ವೇರೂಳಕ್ಕೆ ಸುಮಾರು 30 ಕಿಲೋಮೀಟರು. ದೌಲತಾಬಾದಿನ ಕೋಟೆ ದಾರಿಯಲ್ಲೇ ಸಿಗುತ್ತದೆ. ಅದೇ ಸೇವುಣರ ದೇವಗಿರಿ. ಅವರ ಕನ್ನಡ ಶಾಸನಗಳು ನಮ್ಮ ಉತ್ತರದ ಜಿಲ್ಲೆಗಳಲ್ಲಿ ಎಷ್ಟೋ ಇವೆ. ರಸ್ತೆ ಬದಿಯ ತಗಡಿನ ಮಾಡಿನ ಕೆಳಗೆ ಒಬ್ಬ ಮುದುಕಿ ಭಾಕರಿ ಮಾಡುತ್ತಿದ್ದಳು. ಹುಡುಗ ನಡೆಯುತ್ತಿದ್ದವನು ನಿಂತುಬಿಟ್ಟ. ಅವನನ್ನು ನಿಲ್ಲಿಸಿದ್ದು ವಾಸನೆಯಲ್ಲ, ಸಪ್ಪಳ. ಹಿಟ್ಟಿನ ಮೇಲೆ ಅಂಗೈ ಬೀಳುವ ಆ ಟಪ್ ಟಪ್ ಸಪ್ಪಳ ಮೂರು ತಿಂಗಳಿಂದ ಅವನ ಕಿವಿಗೆ ಬಿದ್ದಿರಲಿಲ್ಲ. ಕೂತೆವು. ಜೋಳದ ಭಾಕರಿ, ಪಿಠಲೆ, ಹಸಿಮೆಣಸಿನಕಾಯಿಯ ಠೇಚಾ, ಒಡೆದ ಉಳ್ಳಾಗಡ್ಡಿ. ಹುಡುಗ ಒಂದನ್ನು ತಲೆಯೆತ್ತದೆ ತಿಂದ. ಎರಡನೆಯದು ಅರ್ಧವಾದಾಗ ಮಾತು ಬಂತು:

"ಅಣ್ಣಾ, ಇವ್ರು ರೊಟ್ಟಿ ಭಾಳ ದಪ್ಪ ಬಡೀತಾರ. ನಮ್ಮವ್ವ ಬಡದ್ರ ಹಾಳಿ ಇದ್ದಂಗ ಇರ್ತದ."

ಮುದುಕಿ "ಕಾಯ್ ಮ್ಹಣತೋ?" ಎಂದಳು. ಏನು ಹೇಳುತ್ತಾನೆ ಎಂದು ಕೇಳಿದಾಗ ಸುಳ್ಳು ಹೇಳಲಾಗಲಿಲ್ಲ, ಇದ್ದದ್ದನ್ನು ಮರಾಠಿಯಲ್ಲಿ ಹೇಳಿದೆ. ಆಕೆ ಒಲೆಯಿಂದ ಸರಿದು ಕೂತು, ಹಿಟ್ಟಿನ ಪರಾತವನ್ನು ಅವನ ಮುಂದೆ ನೂಕಿ, "ಘೇ ಬಾಳಾ, ತೂಚ ಕರ" ಎಂದಳು. ತಗೋ ಮಗನೇ, ನೀನೇ ಮಾಡು! ಹುಡುಗ ಕೈ ತೊಳೆದು ಕೂತೇಬಿಟ್ಟ. ತಾಯಿ ಕೂಲಿಗೆ ಹೋದ ದಿನಗಳಲ್ಲಿ ತಂಗಿಗಾಗಿ ರೊಟ್ಟಿ ಬಡಿದ ಕೈ ಅದು, ನನಗೆ ಅಂದೇ ತಿಳಿದದ್ದು. ಮೊದಲನೆಯದು ಅಂಚು ಹರಿಯಿತು. ಎರಡನೆಯದು ನಿಜವಾಗಿ ಹಾಳೆಯಂತೆ ಎದ್ದು ಹಂಚಿನ ಮೇಲೆ ಉಬ್ಬಿತು. ಟ್ರಕ್ಕಿನ ಚಾಲಕರಿಬ್ಬರು ಅದನ್ನು ಹರಿದು ಹಂಚಿಕೊಂಡು ತಿಂದರು. ಮುದುಕಿ ಒಂದು ಚೂರು ಬಾಯಿಗೆ ಹಾಕಿಕೊಂಡು, ಚೆನ್ನಾಗಿದೆ, ಆದರೆ ಹೊಲಕ್ಕೆ ಹೋಗುವವನ ಹೊಟ್ಟೆಗೆ ಇದು ಸಾಲದು, ದಪ್ಪದ್ದೇ ಬೇಕು ಎಂದು ವಾದ ಮಾಡಿದಳು. ಅವನು ನಾಲ್ಕು ಹರುಕು ಮರಾಠಿ ಮಾತಿನಲ್ಲಿ ಪ್ರತಿವಾದ ಮಾಡಿದ. ಯಾರೂ ನಗಲಿಲ್ಲ, ಅಥವಾ ಎಲ್ಲರೂ ಒಟ್ಟಿಗೆ ನಕ್ಕರು. ಆ ಹುಡುಗ ಊರಿಗೆ ಹೋಗಲಿಲ್ಲ. ಸಾಲ ತೀರಿಸಿದ. ಈಗ ಪುಣೆಯ ಕಡೆ ಫಿಟ್ಟರ್ ಆಗಿದ್ದಾನೆ.

ಅಲ್ಲಿಂದ ಕೈಲಾಸ ದೇವಾಲಯಕ್ಕೆ ಹೋದೆವು. ವೇರೂಳದ 34 ಗುಹೆಗಳಲ್ಲಿ ಅದು 16ನೆಯದು. ಗುಡ್ಡವನ್ನು ಮೇಲಿನಿಂದ ಕೆಳಗೆ ಸುಮಾರು 100 ಅಡಿ ಕಡಿದು, ಒಂದೇ ಬಂಡೆಯಲ್ಲಿ ಶಿಖರ, ಮಂಟಪ, ಆನೆಗಳು ಎಲ್ಲವನ್ನೂ ಬಿಡಿಸಿದ್ದಾರೆ. ಅಡಿಪಾಯ ಮೊದಲಲ್ಲ, ಶಿಖರ ಮೊದಲು! ಅದನ್ನು ಮಾಡಿಸಿದವನು 8ನೆಯ ಶತಮಾನದ ರಾಷ್ಟ್ರಕೂಟ ದೊರೆ ಒಂದನೆಯ ಕೃಷ್ಣ. ಆ ವಂಶದವರ ಮುಂದಿನ ರಾಜಧಾನಿ ಮಾನ್ಯಖೇಟ, ಎಂದರೆ ಸೇಡಂ ತಾಲೂಕಿನ ಮಳಖೇಡ. "ನಮ್ಮ ಮಳಖೇಡ ಏನ್ರೀ?" ಎಂದು ಹುಡುಗ ಮೂರು ಸಲ ಕೇಳಿದ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ನೋಡಿದವರಿಗೆ ಇಲ್ಲಿ ಇನ್ನೊಂದು ಸಂತೋಷ ಕಾದಿದೆ. ಎರಡಕ್ಕೂ ಹೋಲಿಕೆ ಇದೆ ಎಂದು ವಿದ್ವಾಂಸರು ಹೇಳುತ್ತಾರೆ. ನನಗೆ ಮಾತ್ರ ಅಲ್ಲಿ ಬಂದ ವಿಚಾರ ಬೇರೆ. ಇಷ್ಟು ಕಲ್ಲು ಕಡಿದ ಕೂಲಿಗಳು ಮಧ್ಯಾಹ್ನ ಏನು ಉಂಡರು? ಏನೇ ಉಂಡಿರಲಿ, ಅದರಲ್ಲಿ ಮೆಣಸಿನಕಾಯಿ ಇರಲಿಲ್ಲ, ಶೇಂಗಾ ಇರಲಿಲ್ಲ, ಬಟಾಟಿ ಇರಲಿಲ್ಲ. ಅವು ಮೂರೂ ಅಮೆರಿಕ ಖಂಡದವು, ಪೋರ್ತುಗೀಜರು ಬಂದ ಮೇಲೆ ನಮ್ಮಲ್ಲಿಗೆ ಬಂದವು. ಫಿಲಿಪೈನ್ಸಿಗೆ ಇಂಥ ಬೆಳೆಗಳು 1565ರಿಂದ ಸ್ಪೇನಿನ ಹಡಗುಗಳಲ್ಲಿ ಬಂದವು. ಚಿಕ್ಕೂ ಹಣ್ಣಿಗೆ ಅಲ್ಲಿ ಇಂದಿಗೂ ಚಿಕೊ ಎನ್ನುತ್ತಾರೆ. ನಾವು "ನಮ್ಮೂರ ಶೇಂಗಾ ಚಟ್ನಿ" ಎಂದು ಕಣ್ಣೀರು ಹಾಕುವಾಗ ಇದನ್ನೂ ನೆನೆಯಬಹುದು. ಆ ಚಟ್ನಿಯೇ ನಮಗಿಂತ ದೂರದ ವಲಸೆಗಾರ.

ಕೆಲವರಿಗೆ ವಾರದ ರಜೆ ಭಾನುವಾರ ಇರುವುದಿಲ್ಲ. ಅವರು ಗಮನಿಸಬೇಕು: ವೇರೂಳ ಮಂಗಳವಾರ ಮುಚ್ಚಿರುತ್ತದೆ, ಅಜಂತಾ ಸೋಮವಾರ.

ಸಂಭಾಜಿನಗರದ ಪೇಟೆಯ ವಿಷಯ ಹೇಳುವ ಮುಂಚೆ ಶಾಕಾಹಾರಿಗಳ ಕ್ಷಮೆ ಕೋರುತ್ತೇನೆ. ಅಲ್ಲಿಯ ಹೆಸರಾದ ಊಟ ನಾನ್ ಖಲಿಯಾ. ತಂದೂರಿನ ಮೆತ್ತನೆಯ ದಪ್ಪ ರೊಟ್ಟಿ, ಸಂಗಡ ಅರಿಶಿನ ಬಣ್ಣದ, ಮೇಲೆ ಕೆಂಪು ಎಣ್ಣೆ ತೇಲುವ ಮಾಂಸದ ಸಾರು. 1327ರಲ್ಲಿ ಮುಹಮ್ಮದ್ ಬಿನ್ ತುಘಲಕ್ ದಿಲ್ಲಿಯ ಜನರನ್ನು ದೌಲತಾಬಾದಿಗೆ ಸಾಗಿಸಿದನಲ್ಲ, ಆ ದಂಡಿಗೆ ದೊಡ್ಡ ಹಂಡೆಗಳಲ್ಲಿ ಮಾಡುತ್ತಿದ್ದ ಅಡುಗೆ ಇದು ಎಂದು ಊರಿನವರು ಹೇಳುತ್ತಾರೆ. ದೊರೆ ಹಿಂದಕ್ಕೆ ಹೋದ, ಅಡುಗೆ ಇಲ್ಲೇ ನಿಂತಿತು. ಹತ್ತಿರವೇ ಪಣಚಕ್ಕಿ ಇದೆ. ದೂರದಿಂದ ನೆಲದೊಳಗಿನ ಕೊಳವೆಯಲ್ಲಿ ನೀರು ತಂದು, ಎತ್ತರದಿಂದ ಧುಮುಕಿಸಿ, ಅದರ ಬಲದಿಂದ ಬೀಸುಕಲ್ಲು ತಿರುಗಿಸಿ, ಬಾಬಾ ಶಾ ಮುಸಾಫಿರರ ದರ್ಗಾಕ್ಕೆ ಬಂದ ಯಾತ್ರಿಕರಿಗೂ ಫಕೀರರಿಗೂ ಹಿಟ್ಟು ಬೀಸುತ್ತಿದ್ದರು. ಕರೆಂಟಿಲ್ಲ, ಕಲ್ಲಿದ್ದಲಿಲ್ಲ, ಮೀಟರಿನ ಬಿಲ್ಲಿಲ್ಲ. ಗಿರಣಿಯ ಲೆಕ್ಕ ಬರೆಯುವ ನಾನು ಅದನ್ನು ನೋಡುತ್ತ ಬಹಳ ಹೊತ್ತು ನಿಂತಿದ್ದೆ.

ಹೊತ್ತಾಯಿತೆಂದು ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಒಂದು ಮಾತು ಉಳಿದಿದೆ. ಚಳಿಗಾಲದಲ್ಲಿ ಜೋಳದ ತೆನೆ ಹಾಲುಗಾಳಾದಾಗ ನಾವು ಹೊಲದಲ್ಲಿ ಕುಳ್ಳಿನ ಬೆಂಕಿಯಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ ಸೀತನಿ ತಿನ್ನುತ್ತೇವೆ. ಮರಾಠವಾಡೆಯಲ್ಲಿ ಅದಕ್ಕೇ ಹುರಡಾ ಎನ್ನುತ್ತಾರೆ. ಬೆಲ್ಲ, ಶೇಂಗಾ ಚಟ್ನಿ, ಮೊಸರು ಸಂಗಡ ಇರುತ್ತದೆ. ನನ್ನ ಹಳೆಯ ಸಹೋದ್ಯೋಗಿಯೊಬ್ಬರ ಹೊಲ ವೈಜಾಪುರದ ದಾರಿಯಲ್ಲಿದೆ. ಇಪ್ಪತ್ತು ಜನರ ತನಕ ಬನ್ನಿರೆಂದು ಕರೆದಿದ್ದಾರೆ. ಜನವರಿಯ ಎರಡನೆಯ ಭಾನುವಾರ ಬೆಳಗಿನ ಆರೂವರೆಯ ಬಸ್ಸು. ಬರುವವರು ವಾಚನಾಲಯದ ಮೇಜಿನ ಮೇಲಿನ ವಹಿಯಲ್ಲಿ ಹೆಸರು ಬರೆಯಬೇಕು. ಹೊಸದಾಗಿ ಊರಿಂದ ಬಂದವರು ಮೊದಲು ಬರೆಯಲಿ, ಹಳಬರು ಸ್ಥಳ ಉಳಿದರೆ. ಚಟ್ನಿ ನಾವು ಒಯ್ಯಬೇಕು. ಯಾರ ಮನೆಯಿಂದ ಎಷ್ಟು ಎಂಬುದನ್ನು ಅಕ್ಕಂದಿರು ಈಗಲೇ ಹೇಳಿದರೆ ಅದನ್ನೂ ಬರೆದುಕೊಳ್ಳುತ್ತೇನೆ.