ನಾವು ಯಾವ ಕಡೆ ಇದ್ದೆವು?

(ಪ್ರೌಢಶಾಲಾ ಅಧ್ಯಾಪಕರು ಮತ್ತು ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಜಾಗತಿಕ ಮಹಾಯುದ್ಧದ ಪ್ರಮುಖ ಕದನಗಳನ್ನು ಮಕ್ಕಳಿಗೆ ಕಲಿಸುವುದು ಹೇಗೆ ಎಂಬ ವಿಷಯವನ್ನು ತಾವು ನಮಗೆ ಕೊಟ್ಟಿದ್ದೀರಿ. ಎರಡು ಮಹಾಯುದ್ಧಗಳ ಪೈಕಿ ಮೊದಲನೆಯದನ್ನು, ಅಂದರೆ 1914ರಿಂದ 1918ರ ವರೆಗೆ ನಡೆದುದನ್ನು ನಾವು ಆರಿಸಿಕೊಂಡಿದ್ದೇವೆ. ಎರಡನೆಯ ಯುದ್ಧದ ಬಗ್ಗೆ ಮಕ್ಕಳಿಗೆ ಸಿನಿಮಾಗಳಿಂದಲೂ ಕಂಪ್ಯೂಟರ್ ಆಟಗಳಿಂದಲೂ ಅಷ್ಟಿಷ್ಟು ಗೊತ್ತಿರುತ್ತದೆ. ಮೊದಲನೆಯದಾದರೋ ಕಾರಣಗಳು, ಪರಿಣಾಮಗಳು ಎಂಬ ಎರಡು ಪಟ್ಟಿಗಳ ನಡುವೆ ಸಿಲುಕಿ, ಪರೀಕ್ಷೆಯ ಮರುದಿನವೇ ಮರೆತು ಹೋಗುವ ಪಾಠವಾಗಿದೆ.

ಕೆಲವು ಸಮಯದ ಹಿಂದೆ ಶಾಲೆಯೊಂದರಲ್ಲಿ ಮಕ್ಕಳೊಂದಿಗೆ ಮಾತನಾಡುತ್ತಿದ್ದಾಗ ಹುಡುಗನೊಬ್ಬ ಎದ್ದು ನಿಂತು, “ಸರ್, ಆ ಯುದ್ಧದಲ್ಲಿ ನಾವು ಯಾವ ಕಡೆ ಇದ್ದೆವು?” ಎಂದು ಕೇಳಿದ. “ನಾವು ಎಂದರೆ ಯಾರು?” ಎಂದು ನಾವು ಮರುಪ್ರಶ್ನಿಸಿದೆವು. ಹುಡುಗ ಅಳುಕಿ ಕುಳಿತುಬಿಟ್ಟ. ಆ ಮರುಪ್ರಶ್ನೆಯನ್ನು ಹಾಗೆ ಹಾಕಬಾರದಿತ್ತೆಂದು ನಮಗೆ ಈಗಲೂ ಅನಿಸುತ್ತದೆ. ಅವನ ಪ್ರಶ್ನೆ ತಪ್ಪಾಗಿರಲಿಲ್ಲ. ಉತ್ತರವೇ ನಮ್ಮಲ್ಲಿ ಸಿದ್ಧವಿರಲಿಲ್ಲ.

ಅದಕ್ಕೆ ಕಾರಣವೂ ಇದೆ. ನಾವು ಈ ಯುದ್ಧವನ್ನು ಎರಡು ಕಡೆ ಕಲಿತೆವು. ಮದ್ರಸದಲ್ಲಿ ಅದು ಉಸ್ಮಾನೀ ಖಿಲಾಫತ್ತಿನ ಪತನದ ದುರಂತ ಕಥೆಯಾಗಿತ್ತು. ಕಾಲೇಜಿನಲ್ಲಿ ಅದು ಸರಾಯೆವೊ ನಗರದಲ್ಲಿ ರಾಜಕುಮಾರನೊಬ್ಬನ ಹತ್ಯೆಯೊಂದಿಗೆ ಆರಂಭವಾಗಿ ವರ್ಸೇಲ್ಸ್ ಒಪ್ಪಂದದೊಂದಿಗೆ ಮುಗಿಯುವ ಯುರೋಪಿನ ಜಗಳವಾಗಿತ್ತು. ಇವೆರಡೂ ಒಂದೇ ಯುದ್ಧವೆಂಬುದು ಮನಸ್ಸಿಗೆ ನಾಟಲು ನಮಗೆ ವರ್ಷಗಳೇ ಬೇಕಾದವು. ಎರಡು ತರಗತಿಗಳಲ್ಲೂ ಒಬ್ಬ ವ್ಯಕ್ತಿ ಮಾತ್ರ ಕಾಣಿಸಲೇ ಇಲ್ಲ. ಅವನೇ ಭಾರತದ ಸಿಪಾಯಿ. ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಈ ಯುದ್ಧಕ್ಕಾಗಿ ಸಾಗರ ದಾಟಿದರು. ಸುಮಾರು 74 ಸಾವಿರ ಮಂದಿ ಮರಳಿ ಬರಲಿಲ್ಲ. ಆದುದರಿಂದ ಕದನಗಳನ್ನು ಕಲಿಸುವಾಗ ಅವನ ಹೆಜ್ಜೆಯನ್ನೇ ಹಿಂಬಾಲಿಸಬಾರದೇಕೆ? ಐದು ಕದನಗಳು ಸಾಕು.

ಮೊದಲನೆಯದು ಬೆಲ್ಜಿಯಂನ ಈಪ್ರ. ಭೂಪಟವನ್ನು ಹಲಗೆಯ ಮೇಲೆ ತೂಗುಹಾಕಿ ಕರಾಚಿ ಮತ್ತು ಮುಂಬೈ ಬಂದರುಗಳಿಂದ ಫ್ರಾನ್ಸಿನ ಮಾರ್ಸೆಯ್ ಬಂದರಿಗೆ ಒಂದು ಗೆರೆ ಎಳೆಯಿರಿ. 1914ರ ಶರತ್ಕಾಲದಲ್ಲಿ ಭಾರತೀಯ ತುಕಡಿಗಳು ಅಲ್ಲಿ ಇಳಿದವು. ಬಿಸಿಲ ನಾಡಿನ ಉಡುಪಿನಲ್ಲೇ ಅವರು ಕೆಸರು ತುಂಬಿದ ಕಂದಕಗಳಿಗೆ ಧುಮುಕಬೇಕಾಯಿತು. ಅಕ್ಟೋಬರ್ 31ರಂದು ಹೊಲ್ಲೆಬೆಕೆ ಎಂಬಲ್ಲಿ ಮೆಷಿನ್‌ಗನ್ ತಂಡವೊಂದರ ಇತರರೆಲ್ಲರೂ ಹತರಾದ ಬಳಿಕವೂ ಗಾಯಗೊಂಡ ಸಿಪಾಯಿ ಖುದಾದಾದ್ ಖಾನ್ ಗುಂಡು ಹಾರಿಸುತ್ತಲೇ ಇದ್ದ. ವಿಕ್ಟೋರಿಯಾ ಕ್ರಾಸ್ ಪದಕ ಪಡೆದ ಮೊದಲ ಭಾರತೀಯ ಸೈನಿಕ ಅವನೇ. ಮಕ್ಕಳು ಇದನ್ನು ಕಣ್ಣರಳಿಸಿ ಕೇಳುತ್ತಾರೆ. ಆದರೆ ಪಾಠವನ್ನು ಅಲ್ಲಿಗೇ ನಿಲ್ಲಿಸಿದರೆ ನಾವು ಕಲಿಸಿದ್ದು ಸಾಹಸದ ಕಥೆಯನ್ನೇ ಹೊರತು ಇತಿಹಾಸವನ್ನಲ್ಲ.

ಆದ್ದರಿಂದ ಇಬ್ಬರು ಸಹೋದರರ ಕಥೆಯನ್ನೂ ಹೇಳಬೇಕು. ಇಬ್ಬರೂ ಗಡಿನಾಡಿನ ಅಫ್ರೀದಿ ಪಠಾಣರು; ಇಬ್ಬರೂ ಭಾರತೀಯ ಸೇನೆಯಲ್ಲಿ ಜಮಾದಾರರು. 1915ರ ಮಾರ್ಚ್ ತಿಂಗಳಲ್ಲಿ ಮೀರ್ ಮಸ್ತ್ ತನ್ನ ಕೆಲವು ಸಂಗಡಿಗರೊಂದಿಗೆ ರಾತ್ರೋರಾತ್ರಿ ಕಂದಕ ದಾಟಿ ಜರ್ಮನರ ಕಡೆ ಸೇರಿಕೊಂಡ. ಮುಂದಿನ ತಿಂಗಳ 22ರಂದು ಜರ್ಮನರು ಈಪ್ರ ಬಳಿ ಕ್ಲೋರಿನ್ ವಿಷಾನಿಲವನ್ನು ಹರಿಯಬಿಟ್ಟರು. 26ರಂದು ಅದೇ ರಣರಂಗದಲ್ಲಿ ಮೀರ್ ದಸ್ತ್ ಗುಂಡಿನ ಮಳೆಯ ನಡುವೆ ಹಲವು ಗಾಯಾಳು ಅಧಿಕಾರಿಗಳನ್ನು ಹೊತ್ತು ತಂದು ವಿಕ್ಟೋರಿಯಾ ಕ್ರಾಸ್ ಗಳಿಸಿದ. ಒಂದೇ ತಾಯಿಯ ಮಕ್ಕಳು, ಒಂದೇ ಧರ್ಮ, ಒಂದೇ ಯುದ್ಧ, ಎರಡು ದಾರಿ. ಇಬ್ಬರಲ್ಲಿ ಯಾರು ಸರಿ ಎಂದು ತೀರ್ಪು ಕೊಡುವ ಅವಸರವನ್ನು ಅಧ್ಯಾಪಕರು ತೋರಬಾರದು. ಮಕ್ಕಳು ತಾವೇ ಯೋಚಿಸಲಿ, ತಮ್ಮ ತಮ್ಮಲ್ಲೇ ವಾದಿಸಲಿ.

ಎರಡನೆಯದು ಫ್ರಾನ್ಸಿನ ಸೊಮ್. 1916ರ ಜುಲೈ 1ರಂದು ಆರಂಭವಾದ ಈ ಕದನದ ಮೊದಲ ದಿನವೊಂದರಲ್ಲೇ ಬ್ರಿಟಿಷ್ ಸೇನೆಯ 19,240 ಮಂದಿ ಸತ್ತರು. ಈ ಅಂಕಿಯನ್ನು ಕರಿಹಲಗೆಯ ಮೇಲೆ ಬರೆದರೆ ಮಕ್ಕಳು ಅದನ್ನು ಕಾಪಿಗೆ ಇಳಿಸಿಕೊಳ್ಳುತ್ತಾರೆ, ಅಷ್ಟೆ. ಅದರ ಬದಲು ಒಂದು ಲೆಕ್ಕ ಮಾಡಿಸಿ. ಸೆಕೆಂಡಿಗೆ ಒಂದು ಹೆಸರಿನಂತೆ ಈ ಸತ್ತವರ ಹಾಜರಿ ಕರೆಯಬೇಕಾದರೆ ಎಷ್ಟು ಹೊತ್ತು ಬೇಕು? ಐದು ಗಂಟೆ ಇಪ್ಪತ್ತು ನಿಮಿಷ. ಅಂದರೆ ಹೆಚ್ಚುಕಡಿಮೆ ಬೆಳಗ್ಗಿನ ಪ್ರಾರ್ಥನೆಯಿಂದ ಸಂಜೆಯ ಗಂಟೆಯವರೆಗಿನ ಪಾಠದ ಅವಧಿಯಷ್ಟೂ ಹೊತ್ತು. ಅದೂ ಒಂದು ದಿನದ, ಒಂದು ಪಕ್ಷದ ಸಾವುಗಳಿಗೆ ಮಾತ್ರ. ನವೆಂಬರಿನಲ್ಲಿ ಕದನ ಮುಗಿಯುವಾಗ ಎರಡೂ ಕಡೆ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಹತ್ತು ಲಕ್ಷ ಮೀರಿತ್ತು. ಗೆದ್ದ ನೆಲವೋ, ಅಗಾಧವೆನಿಸಿದಲ್ಲೂ ಹತ್ತು ಹನ್ನೆರಡು ಕಿಲೋಮೀಟರ್. ಇದನ್ನು ಜಯವೆನ್ನಬೇಕೇ ಸೋಲೆನ್ನಬೇಕೇ ಎಂಬ ಪ್ರಶ್ನೆಯನ್ನು ಪರೀಕ್ಷೆಯಲ್ಲಿ ಯಾರೂ ಕೇಳುವುದಿಲ್ಲ. ತರಗತಿಯಲ್ಲಾದರೂ ನಾವು ಕೇಳಬೇಡವೇ?

ಮೂರನೆಯದು ಗಲ್ಲಿಪೊಲಿ. ಉಸ್ಮಾನೀ ರಾಜಧಾನಿ ಇಸ್ತಾಂಬುಲ್‌ಗೆ ಹೋಗುವ ಜಲಮಾರ್ಗವನ್ನು ತೆರೆಯಲೆಂದು ಬ್ರಿಟನ್ ಮತ್ತು ಫ್ರಾನ್ಸ್ 1915ರ ಏಪ್ರಿಲ್ 25ರಂದು ಆ ಕಡಿದಾದ ತೀರದಲ್ಲಿ ಸೈನ್ಯ ಇಳಿಸಿದವು. ಮುಸ್ತಫಾ ಕಮಾಲ್ ಎಂಬ ಅಧಿಕಾರಿ ಹೆಸರು ಗಳಿಸಿದ್ದು ಇಲ್ಲಿಯೇ. 1916ರ ಜನವರಿಯಲ್ಲಿ ದಾಳಿಕೋರರು ಬರಿಗೈಯಲ್ಲಿ ಹಿಂದೆಗೆದರು. ಎರಡೂ ಕಡೆ ಸೇರಿ ಒಂದು ಲಕ್ಷಕ್ಕೂ ಹೆಚ್ಚು ಜೀವಗಳು ಹೋಗಿದ್ದವು. ಈ ಒಂದೇ ಕದನವನ್ನು ಯಾರು ಹೇಗೆ ನೆನೆಯುತ್ತಾರೆಂಬುದು ಮಕ್ಕಳಿಗೆ ಒಳ್ಳೆಯ ಪಾಠ. ಸೋತ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗಳಿಗೆ ಏಪ್ರಿಲ್ 25 ರಾಷ್ಟ್ರೀಯ ಸ್ಮರಣೆಯ ದಿನ. ತುರ್ಕಿಗೆ ಶತ್ರು ನೌಕಾಪಡೆಯನ್ನು ಹಿಮ್ಮೆಟ್ಟಿಸಿದ ಮಾರ್ಚ್ 18 ಸ್ಮರಣೆಯ ದಿನ. ಅಲ್ಲಿ ಹೋರಾಡಿದ ಸಿಖ್ ಮತ್ತು ಗೂರ್ಖಾ ಸೈನಿಕರಿಗೆ, ಹೇಸರಗತ್ತೆಗಳ ಮೇಲೆ ನೀರನ್ನೂ ಗುಂಡುಗಳನ್ನೂ ಸಾಗಿಸಿದ ಭಾರತೀಯರಿಗೆ ನಮ್ಮ ಪಂಚಾಂಗದಲ್ಲಿ ಯಾವ ದಿನವೂ ಇಲ್ಲ.

ನಾಲ್ಕನೆಯದು ಇರಾಕಿನ ಕೂತ್. ಭಾರತೀಯ ಸೈನಿಕರು ಅತ್ಯಧಿಕ ಸಂಖ್ಯೆಯಲ್ಲಿ ಹೋದದ್ದು ಇರಾಕಿಗೆ, ಅಂದು ಮೆಸೊಪೊಟೇಮಿಯ ಎನ್ನುತ್ತಿದ್ದ ನಾಡಿಗೆ. ಜನರಲ್ ಟೌನ್ಶೆಂಡ್‌ನ ಸೇನೆ ಬಗ್ದಾದ್ ಗೆಲ್ಲಲು ಹೊರಟು, ಸಲ್ಮಾನುಲ್ ಫಾರ್ಸಿಯವರ ಗೋರಿಯಿರುವ ಸಲ್ಮಾನ್ ಪಾಕ್ ಬಳಿ ತಡೆಯಲ್ಪಟ್ಟು, ಕೂತ್ ಪಟ್ಟಣಕ್ಕೆ ಹಿಂದೆಗೆಯಿತು. 1915ರ ಡಿಸೆಂಬರಿನಿಂದ ಸುಮಾರು ಐದು ತಿಂಗಳು ಉಸ್ಮಾನೀ ಸೇನೆ ಅದನ್ನು ಮುತ್ತಿತು. ಬಿಡಿಸಲು ಬಂದ ಸೇನೆಗಳು ತಾವೇ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಾವುನೋವುಗಳನ್ನು ಅನುಭವಿಸಿದವು. ಒಳಗಿದ್ದವರು ಕುದುರೆಗಳನ್ನು ಕೊಂದು ತಿನ್ನುವ ಸ್ಥಿತಿ ಬಂತು. ಭಾರತೀಯ ಸೈನಿಕರಲ್ಲಿ ಹೆಚ್ಚಿನವರು ಅದನ್ನು ಮುಟ್ಟಲು ಬಹುಕಾಲ ನಿರಾಕರಿಸಿ ಹಸಿವಿನಿಂದ ಕೃಶರಾದರು. 1916ರ ಏಪ್ರಿಲ್ 29ರಂದು ಸುಮಾರು 13 ಸಾವಿರ ಮಂದಿ ಶರಣಾದರು. ಅವರಲ್ಲಿ ಬಹುಪಾಲು ಭಾರತೀಯರು.

ಹೆತ್ತವರೇ, ಇಲ್ಲಿ ನಾವು ಸ್ವಲ್ಪ ನಿಷ್ಠುರವಾಗಿ ಮಾತನಾಡಬೇಕಾಗಿದೆ. ಕೂತ್‌ನ ಕೈದಿಗಳನ್ನು ಮರುಭೂಮಿಯಲ್ಲಿ ನಡೆಸಿ ಸಾಯಿಸಿದ್ದು ಉಸ್ಮಾನೀ ಆಡಳಿತ. ಸಾವಿರಾರು ಮಂದಿ ಆ ನಡಿಗೆಯಲ್ಲಿ ಮತ್ತು ಸೆರೆಯಲ್ಲಿ ಸತ್ತರು. 1915ರಲ್ಲಿ ಅದೇ ಆಡಳಿತ ತನ್ನದೇ ಪ್ರಜೆಗಳಾದ ಅರ್ಮೇನಿಯನರನ್ನು ಗಡೀಪಾರು ಮಾಡಿದಾಗ ಲಕ್ಷಾಂತರ ಜನರು ಹತರಾದರು. ಆಳಿದವರು ಮುಸ್ಲಿಮರೆಂಬ ಕಾರಣಕ್ಕೆ ಇದನ್ನು ಮಕ್ಕಳಿಂದ ಮುಚ್ಚಿಟ್ಟರೆ, ಬ್ರಿಟಿಷರ ಅನ್ಯಾಯವನ್ನು ಹೇಳುವ ನಮ್ಮ ನಾಲಗೆಗೆ ಯಾವ ಬೆಲೆ ಉಳಿಯುತ್ತದೆ? ಅನ್ಯಾಯ ನಮ್ಮವರಿಂದಾದರೂ ಅನ್ಯಾಯವೇ. ಇನ್ನೊಂದು ಮಾತು. ಆ ಸೇನೆಯನ್ನು ಸಾಕಷ್ಟು ದೋಣಿಗಳಿಲ್ಲದೆ, ಔಷಧಿಯಿಲ್ಲದೆ ಕಳುಹಿಸಿದ್ದು ಭಾರತದ ಬ್ರಿಟಿಷ್ ಸರಕಾರ. ತನಿಖಾ ಆಯೋಗದ ವರದಿ 1917ರಲ್ಲಿ ಹೊರಬಂದಾಗ ಲಂಡನ್ನಿನಲ್ಲಿ ಭಾರತ ಸಚಿವರಾಗಿದ್ದ ಆಸ್ಟಿನ್ ಚೇಂಬರ್ಲೇನ್ ರಾಜೀನಾಮೆ ಕೊಟ್ಟರು.

ಐದನೆಯದು ನಮ್ಮ ನಾಡಿಗೆ ಹತ್ತಿರದ್ದು. 1918ರ ಸೆಪ್ಟೆಂಬರ್ 23ರಂದು ಫೆಲೆಸ್ತೀನಿನ ಹೈಫಾ ಪಟ್ಟಣವನ್ನು ಉಸ್ಮಾನೀಯರಿಂದ ವಶಪಡಿಸಿಕೊಂಡ ಅಶ್ವದಳದಲ್ಲಿ ಜೋಧ್‌ಪುರದ ಸವಾರರೊಂದಿಗೆ ಮೈಸೂರು ಸಂಸ್ಥಾನದ ಲ್ಯಾನ್ಸರ್ಸ್ ಸವಾರರೂ ಇದ್ದರು. ಫಿರಂಗಿಗಳಿದ್ದ ಕಾರ್ಮೆಲ್ ಬೆಟ್ಟದ ಏರನ್ನು ಹತ್ತಿದವರು ಮೈಸೂರಿನವರು. ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ ನಿಂತಿರುವ ಮೂರು ಪ್ರತಿಮೆಗಳು ಮೈಸೂರು, ಜೋಧ್‌ಪುರ ಮತ್ತು ಹೈದರಾಬಾದ್ ದಳಗಳ ನೆನಪಿಗಾಗಿ. 2018ರಲ್ಲಿ ಆ ವೃತ್ತಕ್ಕೆ ಹೈಫಾ ಎಂಬ ಹೆಸರನ್ನೂ ಸೇರಿಸಲಾಯಿತು.

ಈಗ ಹೈಫಾದ ಕಥೆಯನ್ನು ಒಬ್ಬರು ಬರಿಯ ಹೆಮ್ಮೆಯ ಕಥೆಯಾಗಿಯೂ ಇನ್ನೊಬ್ಬರು ಬರಿಯ ದ್ರೋಹದ ಕಥೆಯಾಗಿಯೂ ಹೇಳುತ್ತಿದ್ದಾರೆ. ಈಟಿ ಹಿಡಿದು ಮೆಷಿನ್‌ಗನ್‌ಗಳ ಎದುರು ಕುದುರೆ ಓಡಿಸಿದವರ ಧೈರ್ಯವನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಅದಕ್ಕೆ ಹತ್ತು ತಿಂಗಳ ಮೊದಲೇ, 1917ರ ನವೆಂಬರ್ 2ರಂದು, ಬ್ರಿಟಿಷ್ ವಿದೇಶಾಂಗ ಸಚಿವ ಬಾಲ್ಫರ್ ಆ ನೆಲದಲ್ಲಿ ಯಹೂದಿಯರಿಗೆ ರಾಷ್ಟ್ರೀಯ ನೆಲೆಯೊಂದನ್ನು ಕಲ್ಪಿಸಲು ಬೆಂಬಲ ನೀಡುವುದಾಗಿ ಪತ್ರ ಬರೆದಾಗಿತ್ತು. ಅಲ್ಲಿ ವಾಸಿಸುತ್ತಿದ್ದ ಅರಬರನ್ನು ಯಾರೂ ಕೇಳಿರಲಿಲ್ಲ. ಮೈಸೂರಿನ ಸವಾರನನ್ನಂತೂ ಕೇಳುವ ಪ್ರಶ್ನೆಯೇ ಇರಲಿಲ್ಲ. ಅವನು ಮಹಾರಾಜರ ಸೇವಕ, ಮಹಾರಾಜರು ಚಕ್ರವರ್ತಿಯ ಅಧೀನರು. ಗೆದ್ದ ನೆಲದ ಭವಿಷ್ಯ ಲಂಡನ್ನಿನ ಮೇಜಿನ ಮೇಲೆ ನಿರ್ಧಾರವಾಗುತ್ತಿತ್ತು.

ಈ ಯುದ್ಧವನ್ನು ಧರ್ಮಯುದ್ಧವೆಂದು ಕಲಿಸುವವರೂ ನಮ್ಮ ನಡುವೆ ಇದ್ದಾರೆ. 1914ರ ನವೆಂಬರಿನಲ್ಲಿ ಇಸ್ತಾಂಬುಲ್‌ನಿಂದ ಜಿಹಾದ್ ಘೋಷಣೆಯಾದದ್ದು ನಿಜ. ಆದರೆ ಆ ಖಲೀಫರ ಮಿತ್ರರು ಕ್ರೈಸ್ತ ಜರ್ಮನಿ ಮತ್ತು ಆಸ್ಟ್ರಿಯಾ. 1916ರಲ್ಲಿ ಅವರ ವಿರುದ್ಧ ಬಂಡೆದ್ದವರು ಮಕ್ಕಾದ ಶರೀಫ್ ಹುಸೈನ್. ಹೈದರಾಬಾದಿನ ನಿಜಾಮರು ಬ್ರಿಟಿಷರಿಗೆ ನಿಷ್ಠರಾಗಿರುವಂತೆ ಮುಸ್ಲಿಮರಿಗೆ ಕರೆ ಕೊಟ್ಟರೆ, ಮುಹಮ್ಮದಲಿ ಮತ್ತು ಶೌಕತಲಿ ಸಹೋದರರು ತುರ್ಕಿಯ ಪರ ಬರೆದು, ಮಾತನಾಡಿ ಬಂಧನಕ್ಕೊಳಗಾದರು. 1915ರ ಫೆಬ್ರವರಿ 15ರಂದು ಸಿಂಗಾಪುರದಲ್ಲಿ, ತಮ್ಮನ್ನು ತುರ್ಕರ ವಿರುದ್ಧ ಕಳುಹಿಸುತ್ತಾರೆಂಬ ವದಂತಿಯನ್ನು ನಂಬಿ ಭಾರತೀಯ ತುಕಡಿಯೊಂದು ದಂಗೆಯೆದ್ದಿತು; 47 ಮಂದಿಯನ್ನು ಸಾರ್ವಜನಿಕವಾಗಿ ಗುಂಡಿಟ್ಟು ಕೊಲ್ಲಲಾಯಿತು. ಅವರನ್ನು ಕಳುಹಿಸಬೇಕೆಂದಿದ್ದದ್ದು ಹಾಂಗ್‌ಕಾಂಗಿಗೆ! ವದಂತಿಯ ಬೆಲೆ ಏನೆಂಬುದನ್ನು ಮೊಬೈಲ್ ಹಿಡಿದ ಇಂದಿನ ಮಕ್ಕಳಿಗೆ ಇದಕ್ಕಿಂತ ಚೆನ್ನಾಗಿ ಹೇಳುವ ಪಾಠ ಇನ್ನಾವುದಿದೆ?

ಇಷ್ಟೆಲ್ಲ ರಕ್ತಕ್ಕೆ ಪ್ರತಿಯಾಗಿ ಭಾರತಕ್ಕೆ ದಕ್ಕಿದ್ದೇನು? 1917ರಲ್ಲಿ ಹಂತಹಂತವಾಗಿ ಜವಾಬ್ದಾರಿ ಸರಕಾರ ಕೊಡುವ ಭರವಸೆ. 1919ರಲ್ಲಿ ರೌಲತ್ ಕಾಯ್ದೆ ಮತ್ತು ಜಲಿಯನ್‌ವಾಲಾ ಬಾಗ್. ಕದನಗಳ ಪಾಠವನ್ನು ಇಲ್ಲಿಗೆ ತಂದು ಮುಟ್ಟಿಸಿದರೆ ಖಿಲಾಫತ್ ಮತ್ತು ಅಸಹಕಾರ ಚಳವಳಿಗಳು ಏಕೆ ಒಂದಾದವೆಂದು ಮಕ್ಕಳಿಗೆ ತಾನಾಗಿಯೇ ಅರ್ಥವಾಗುತ್ತದೆ.

ಕೊನೆಯದಾಗಿ ಒಂದು ವಿಷಯ. ಫ್ರಾನ್ಸಿನ ನವ್ ಶಪೆಲ್ ಎಂಬಲ್ಲಿರುವ ಸ್ಮಾರಕದಲ್ಲಿ 4,700ಕ್ಕೂ ಅಧಿಕ ಭಾರತೀಯರ ಹೆಸರುಗಳನ್ನು ಕೆತ್ತಲಾಗಿದೆ. ಇರಾಕಿನ ಬಸರಾ ಸ್ಮಾರಕದಲ್ಲಿ ಮಾತ್ರ ಬ್ರಿಟಿಷ್ ಸೈನಿಕರಿಗೂ ಭಾರತೀಯ ಅಧಿಕಾರಿಗಳಿಗೂ ಹೆಸರು ದೊರೆಯಿತು. ಸಾಮಾನ್ಯ ಭಾರತೀಯ ಸಿಪಾಯಿಗೆ ದೊರೆತದ್ದು ಸಂಖ್ಯೆ. ಇಂಥ ತಾರತಮ್ಯಕ್ಕಾಗಿ ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗವು 2021ರಲ್ಲಿ ಕ್ಷಮೆ ಯಾಚಿಸಿತು. ನೂರು ವರ್ಷಗಳ ಬಳಿಕ ಬಂದ ಆ ಕ್ಷಮೆಯನ್ನು ಕೇಳಿಸಿಕೊಳ್ಳಲು ಅವರ ಮಕ್ಕಳೂ ಉಳಿದಿರಲಿಲ್ಲ.

ಅವರಿಗೆ ಹೆಸರಿಲ್ಲದೆ ಹೋದದ್ದು ಸಾಮ್ರಾಜ್ಯದ ತಪ್ಪು. ಅವರ ಕಥೆಯೇ ಇಲ್ಲದೆ ಹೋದರೆ ಅದು ನಮ್ಮ ತಪ್ಪು. ಅಧ್ಯಾಪಕರು ವರ್ಷಕ್ಕೊಂದು ತರಗತಿಯನ್ನಾದರೂ ಇದಕ್ಕಾಗಿ ಮೀಸಲಿಡಲಿ. ಬೆಂಗಳೂರಿನವರು ಮಕ್ಕಳನ್ನು ಜೆ.ಸಿ. ನಗರದ ಮೈಸೂರು ಲ್ಯಾನ್ಸರ್ಸ್ ಸ್ಮಾರಕಕ್ಕೆ ಕರೆದೊಯ್ಯಲಿ. ಹೆತ್ತವರು ಯುದ್ಧವನ್ನು ಕ್ರಿಕೆಟ್ ಪಂದ್ಯದಂತೆ ಮನೆಯಲ್ಲಿ ವರ್ಣಿಸುವುದನ್ನು ಬಿಡಲಿ. ಮಕ್ಕಳು ಅದನ್ನು ಕಲಿಯುವುದು ಪಠ್ಯಪುಸ್ತಕದಿಂದಲ್ಲ, ನಮ್ಮ ಬಾಯಿಯಿಂದ.

ಆ ಹುಡುಗ ಮತ್ತೊಮ್ಮೆ ಎದುರಾದರೆ ನಾವು ಮರುಪ್ರಶ್ನೆ ಹಾಕಲಾರೆವು. ಹೀಗೆನ್ನುವೆವು: “ಮಗೂ, ನಾವು ಎಲ್ಲ ಕಡೆಯೂ ಇದ್ದೆವು. ಆದರೆ ನಮ್ಮಲ್ಲಿ ಹೆಚ್ಚಿನವರನ್ನು, ಯಾವ ಕಡೆ ನಿಲ್ಲುತ್ತೀರೆಂದು ಯಾರೂ ಕೇಳಿರಲಿಲ್ಲ. ನಿನ್ನನ್ನು ಕೇಳುವ ಕಾಲ ಬಂದಾಗ ಸರಿಯಾಗಿ ಉತ್ತರಿಸಲಿಕ್ಕಾಗಿಯೇ ಈ ಪಾಠ.”